ಬೆಂಕಿ, ಹೊಗೆ, ಎಲ್‌ಇಡಿ ಗೋಡೆ: ಟಿವಿ ಗಾಯನ ಸ್ಪರ್ಧೆಯಲ್ಲಿ ಹಾಡಿಗೆ ಉಳಿದ ಜಾಗ ಎಷ್ಟು?

ಮಾಟುಂಗಾ ಕೇಳುಗ

ಯುರೋಪಿನಲ್ಲಿ ವರ್ಷವರ್ಷ ನಡೆಯುವ, ದೇಶಕ್ಕೊಂದು ಹಾಡಿನ ಟಿವಿ ಸ್ಪರ್ಧೆ ಯೂರೋವಿಷನ್. ಅದರ ಫೈನಲ್ ಮುಗಿದಾಗಲೂ ನಮ್ಮ ಹಿಂದಿ, ಕನ್ನಡ ಚಾನೆಲ್‌ಗಳ ಗ್ರ್ಯಾಂಡ್ ಫಿನಾಲೆ ಮುಗಿದಾಗಲೂ ಕೇಳಿಬರುವ ದೂರು ಒಂದೇ: ಸೆಟ್ ಗೆದ್ದಿತು, ಹಾಡು ಸೋತಿತು. ಇದನ್ನು ಪೂರ್ತಿ ಒಪ್ಪಲು ನನಗೆ ಮನಸ್ಸಿಲ್ಲ. 2017ರಲ್ಲಿ ಕೀವ್‌ನಲ್ಲಿ ಪೋರ್ಚುಗಲ್‌ನ ಸಾಲ್ವಡೋರ್ ಸೊಬ್ರಾಲ್ ಜನರ ನಡುವಿನ ಪುಟ್ಟ ವೇದಿಕೆಯಲ್ಲಿ ಒಬ್ಬರೇ ನಿಂತು ಹಾಡಿ 758 ಅಂಕ ಪಡೆದರು. ಅಷ್ಟು ಅಂಕ ಆ ಸ್ಪರ್ಧೆಯಲ್ಲಿ ಇನ್ನಾರಿಗೂ ಬಂದಿಲ್ಲ. 2021ರಲ್ಲಿ ಬ್ರಿಟನ್ ದೈತ್ಯ ಗಾತ್ರದ ತುತ್ತೂರಿಗಳನ್ನು ರಂಗಕ್ಕೆ ತಂದಿತು. ತೀರ್ಪುಗಾರರಿಂದ ಸೊನ್ನೆ, ವೀಕ್ಷಕರಿಂದಲೂ ಸೊನ್ನೆ. ಆದರೆ 2024ರಲ್ಲಿ ಸ್ವಿಟ್ಜರ್ಲೆಂಡ್‌ನ ನೆಮೊ ಓರೆಯಾಗಿ ತಿರುಗುವ ತಟ್ಟೆಯ ಮೇಲೆ ಸಮತೋಲನ ಕಾಯ್ದುಕೊಂಡೇ ಹಾಡಿ 591 ಅಂಕದೊಂದಿಗೆ ಗೆದ್ದರು. ಅಂದರೆ ಅದ್ದೂರಿತನ ಗೆಲ್ಲಿಸುತ್ತದೆ ಎಂಬುದೂ ನಿಜವಲ್ಲ, ಸೋಲಿಸುತ್ತದೆ ಎಂಬುದೂ ನಿಜವಲ್ಲ.

ಮುಂಬೈ, ಪುಣೆ, ಗೋವಾದ ನಮ್ಮ ಕನ್ನಡ ಸಂಘಗಳ ಭಾವಗೀತೆ ಸ್ಪರ್ಧೆಗಳಿಗೂ ಈಗ ಎಲ್‌ಇಡಿ ಗೋಡೆ, ಕಿಡಿ ಯಂತ್ರ ಬಾಡಿಗೆಗೆ ಬರುತ್ತಿವೆ. ಹಾಗಾಗಿ ನನಗೆ ಬೇಕಿರುವುದು ಹಳೇ ಕಾಲದ ಗುಣಗಾನವಲ್ಲ. ರಂಗಸಜ್ಜಿಕೆ ಹಾಡನ್ನು ಯಾವ ಜಾಗದಲ್ಲಿ, ಯಾವ ಕಾರಣಕ್ಕೆ ಕೆಡಿಸುತ್ತದೆ ಎಂದು ಕೆಲಸ ಬಲ್ಲವರು ಬಿಡಿಸಿ ಹೇಳಬೇಕು.

ಧ್ವನಿಮೇಜು, ಅಂಧೇರಿ

ಮೊದಲು ಗೋಡೆಯನ್ನೇ ತೆಗೆದುಕೊಳ್ಳೋಣ. ಗಾಯಕರ ಹಿಂದೆ ದಪ್ಪ ಬಟ್ಟೆಯ ಪರದೆ ಇದ್ದರೆ, ಅವರ ದನಿ ಅವರಿಗೇ ಕೇಳಲೆಂದು ಮುಂದೆ ಇಟ್ಟ ಮಾನಿಟರ್ ಸ್ಪೀಕರಿನ ಸದ್ದನ್ನು ಅದು ಹೀರಿಕೊಳ್ಳುತ್ತದೆ. ಎಲ್‌ಇಡಿ ಗೋಡೆಯದು ಗಟ್ಟಿ ಮೈ. ಮುಂದಿನಿಂದ ಹೋದ ಸದ್ದು ಅದಕ್ಕೆ ಬಡಿದು ಗಾಯಕರ ತಲೆಯ ಹಿಂದಿನಿಂದ ವಾಪಸು ಬರುತ್ತದೆ, ಮೈಕಿನ ಬಾಯಿ ಇರುವುದು ಸರಿಯಾಗಿ ಆ ಕಡೆಗೇ. ಕೂಡಲೇ ಸೀಟಿ ಶುರು. ಸೀಟಿ ನಿಲ್ಲಿಸಲು ಸೌಂಡಿನವರು 2ರಿಂದ 4 ಕಿಲೋಹರ್ಟ್ಸ್ ನಡುವಿನ ಭಾಗವನ್ನು ಕತ್ತರಿಸುತ್ತಾರೆ. ವ್ಯಂಜನಗಳು ಸ್ಪಷ್ಟವಾಗಿ ಕೇಳುವುದು ಆ ಭಾಗದಿಂದಲೇ. ಒತ್ತಕ್ಷರಗಳು ಮಾಸಿ, ತ ಮತ್ತು ಟ ಒಂದೇ ಥರ ಕೇಳತೊಡಗುತ್ತವೆ. ಸಭೆಯಲ್ಲಿ ಕೂತವರು ಹುಡುಗಿಯ ಉಚ್ಚಾರ ಸರಿಯಿಲ್ಲ ಎಂದು ತೀರ್ಮಾನಿಸುತ್ತಾರೆ. ಅವಳ ಉಚ್ಚಾರ ಸರಿಯಾಗಿಯೇ ಇತ್ತು, ಕೆಡಿಸಿದ್ದು ಗೋಡೆ.

ಇದಕ್ಕೆ ಪರಿಹಾರ ಇದೆ. ಗಾಯಕರನ್ನು ಗೋಡೆಯಿಂದ ಕನಿಷ್ಠ 3 ಮೀಟರ್ ಮುಂದಕ್ಕೆ ನಿಲ್ಲಿಸಿ. ನೆಲದ ಮಾನಿಟರ್ ತೆಗೆದು ಕಿವಿಯೊಳಗಿನ ಮಾನಿಟರ್ ಕೊಡಿ. ಅದು ಸಿಗದಿದ್ದರೆ ಮಾನಿಟರನ್ನು ಒಂದೇ ಇಟ್ಟು ಸದ್ದು ತಗ್ಗಿಸಿ. ಗೋಡೆಯ ಎರಡು ಬದಿಗೆ ಮಡಿಕೆ ಬಿಟ್ಟ ದಪ್ಪ ಬಟ್ಟೆ ಇಳಿಬಿಡಿ.

ಎರಡನೆಯದು ಕೆನ್ನೆಗೆ ಅಂಟಿಸುವ ಮೈಕು. ಕುಣಿತ ಇದ್ದರೆ ಅದೇ ಬೇಕು ಎನ್ನುತ್ತಾರೆ. ಕೈಮೈಕಿನಲ್ಲಿ ಪಳಗಿದ ಗಾಯಕರು ತಾರಸ್ಥಾಯಿಗೆ ಹೋಗುವಾಗ ಮೈಕನ್ನು ದೂರ ಸರಿಸುತ್ತಾರೆ, ಮಂದ್ರಕ್ಕೆ ಇಳಿಯುವಾಗ ತುಟಿಗೆ ತರುತ್ತಾರೆ. ಕೆನ್ನೆಯ ಮೈಕಿನಲ್ಲಿ ಆ ಆಟವೇ ಇಲ್ಲ. ಮೇಲಿನ ಸ್ವರ ಚೀರುತ್ತದೆ, ಕೆಳಗಿನದು ಮುಳುಗುತ್ತದೆ. ಬೆವರು ತೂತಿಗೆ ಇಳಿದರೆ ಹಾಡಿನ ನಡುವೆಯೇ ದನಿ ಮಂಕಾಗುತ್ತದೆ. ಕೂದಲು ಹಾರಿಸಲು ಇಟ್ಟ ಫ್ಯಾನಿನ ಗಾಳಿ ಬೇರೆ ನೇರ ಮೈಕಿಗೆ ಹೊಡೆಯುತ್ತದೆ.

ಇನ್ನು ತುಟಿಗೂ ಸದ್ದಿಗೂ ಹೊಂದಿಕೆ ತಪ್ಪುವುದು. ಕ್ಯಾಮೆರಾದ ಚಿತ್ರ ಮಿಕ್ಸರ್, ಪ್ರೊಸೆಸರ್ ದಾಟಿ ಗೋಡೆ ಸೇರುವಷ್ಟರಲ್ಲಿ 3 ಫ್ರೇಮ್ ತಡವಾಗುವುದು ಸಾಮಾನ್ಯ. ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ಅದು 120 ಮಿಲಿಸೆಕೆಂಡು. 40 ಮೀಟರ್ ದೂರದ ಸಾಲಿನಲ್ಲಿ ಕೂತವರಿಗೆ ಸದ್ದೂ ಸುಮಾರು ಅಷ್ಟೇ ತಡವಾಗಿ ತಲುಪುವುದರಿಂದ ಎರಡೂ ಕೂಡಿಬರುತ್ತವೆ. ತೀರ್ಪುಗಾರರು ಕೂರುವ ಮೊದಲ ಸಾಲಿನಲ್ಲಿ ಮಾತ್ರ ತುಟಿ ಒಂದು ಕಡೆ, ಹಾಡು ಒಂದು ಕಡೆ. ಲಯ ಸ್ವಲ್ಪ ಹಿಂದೆ ಬಿತ್ತು ಎಂದು ಅವರಿಗೆ ಅನಿಸಿದರೆ ಅವರದು ತಪ್ಪಲ್ಲ. ಆದ್ದರಿಂದ ಸ್ಪರ್ಧೆಯಲ್ಲಿ ಗಾಯಕರ ಮುಖವನ್ನು ಗೋಡೆಯ ಮೇಲೆ ತೋರಿಸಲೇಬೇಡಿ.

ಬೆಳಕಿನ ಪಟ್ಟಿ, ಕೋಥ್ರೂಡ್

ಮೇಲಿನದೆಲ್ಲ ಸರಿ. ಆದರೂ ತಪ್ಪನ್ನೆಲ್ಲ ಗೋಡೆ, ಬೆಳಕಿನ ತಲೆಗೆ ಕಟ್ಟಬೇಡಿ. 2012ರಲ್ಲಿ ಸ್ವೀಡನ್‌ನ ಲೊರೀನ್ ಬಹುಪಾಲು ಕತ್ತಲಲ್ಲೇ ಹಾಡಿ 372 ಅಂಕ ಪಡೆದು ಗೆದ್ದರು. 2015ರಲ್ಲಿ ಅದೇ ದೇಶದ ಮೋನ್ಸ್ ಸೆಲ್ಮರ್ಲೋವ್ ಹಿಂದಿನ ಪರದೆಯಲ್ಲಿ ಓಡಾಡುವ ರೇಖಾಚಿತ್ರದ ಹುಡುಗನೊಂದಿಗೆ ಆಡುತ್ತ ಹಾಡಿದರು, ತೀರ್ಪುಗಾರರು ಅವರನ್ನೇ ಮೊದಲಿಗಿಟ್ಟರು. ಎರಡರಲ್ಲೂ ಗಾಯಕರ ಹೆಜ್ಜೆಯ ಲೆಕ್ಕ ಹಾಡಿನೊಳಗಿನಿಂದಲೇ ಬಂದಿತ್ತು.

ನನ್ನ ಅನುಭವಕ್ಕೆ ನಿಲುಕಿದ ಮಟ್ಟಿಗೆ, ಕೆಡುವುದು ಕೆಲಸದ ಕ್ರಮ ತಿರುವುಮುರುವಾದಾಗ. ಹಾಡು, ಶ್ರುತಿ, ಗತಿ ಇತ್ಯರ್ಥ ಆಗುವ ಮುನ್ನ ಗೋಡೆಯ ವಿಡಿಯೊ ತಯಾರಾಗಿರುತ್ತದೆ. ವಿಡಿಯೊ, ಬೆಳಕು, ಮೊದಲೇ ರೆಕಾರ್ಡಾದ ಹಿನ್ನೆಲೆ ವಾದ್ಯದ ಟ್ರ್ಯಾಕು ಎಲ್ಲವನ್ನೂ, ಯಂತ್ರಗಳೆಲ್ಲ ಅನುಸರಿಸುವ ಗಡಿಯಾರದಂಥ ಒಂದೇ ಟೈಮ್‌ಕೋಡಿಗೆ ಪೋಣಿಸಿ ಬಿಡುತ್ತಾರೆ. ಟ್ರ್ಯಾಕು ನಿಮಿಷಕ್ಕೆ 92 ಬಡಿತಕ್ಕೆ ನಿಂತಿದ್ದರೆ ಗಾಯಕಿ ಒಂದು ಸಾಲಿನ ಕೊನೆಯಲ್ಲಿ ಅರೆಕ್ಷಣ ಹೆಚ್ಚು ತಂಗುವಂತಿಲ್ಲ. ತಂಗಿದರೆ ಮಿಂಚು ಮೊದಲು ಹೊಡೆಯುತ್ತದೆ, ಸಾಲು ಆಮೇಲೆ ಬರುತ್ತದೆ. ಯೂರೋವಿಷನ್‌ನಲ್ಲಿ ಹಾಡು 3 ನಿಮಿಷ ಮೀರಬಾರದು, ರಂಗದ ಮೇಲೆ 6ಕ್ಕಿಂತ ಹೆಚ್ಚು ಜನ ಇರಬಾರದು, ಒಂದು ಹಾಡಿನ ಸಾಮಾನು ತೆಗೆದು ಮತ್ತೊಂದರದು ಜೋಡಿಸಲು ಸುಮಾರು 40 ಸೆಕೆಂಡು ಮಾತ್ರ. ಅಲ್ಲಿ ಎಲ್ಲವನ್ನೂ ಟೈಮ್‌ಕೋಡಿಗೆ ಕಟ್ಟಲೇಬೇಕು, ಹಾಡುಗಳನ್ನೂ ಅದಕ್ಕೆ ತಕ್ಕಂತೆಯೇ ಕಟ್ಟಿರುತ್ತಾರೆ. ನಮ್ಮ ಭಾವಗೀತೆ ಆ ಅಚ್ಚಿಗೆ ಹುಟ್ಟಿದ್ದಲ್ಲ.

ನಾನು ಹೇಳುವ ದಾರಿ ಇದು. ಒಂದು ಹಾಡಿಗೆ 12ರಿಂದ 15 ಬೆಳಕಿನ ಬದಲಾವಣೆ ಸಾಕು. ಅವನ್ನು ಬೆಳಕಿನ ಮೇಜಿನವರು ಸಾಹಿತ್ಯದ ಪ್ರತಿ ಕೈಯಲ್ಲಿ ಹಿಡಿದು, ಗಾಯಕರ ಉಸಿರು ನೋಡಿ, ಕೈಯಾರೆ ಒತ್ತಬೇಕು. ಟೈಮ್‌ಕೋಡ್ ಬೇಕೇ ಬೇಕೆಂದರೆ ಪಲ್ಲವಿ ಮತ್ತು ಚರಣದ ನಡುವಿನ ವಾದ್ಯಭಾಗಕ್ಕೆ ಮಾತ್ರ ಇಡಿ, ಅಲ್ಲಿ ಹಾಡುವವರ ಸ್ವಾತಂತ್ರ್ಯಕ್ಕೆ ಕುತ್ತಿಲ್ಲ. ಗೋಡೆಯ ಪ್ರಖರತೆಯನ್ನು ನೂರಕ್ಕೆ 10ರಿಂದ 20ರಷ್ಟಕ್ಕೆ ಇಳಿಸಿ. ಹೆಚ್ಚಾದರೆ ಕ್ಯಾಮೆರಾ ತನ್ನ ಕಣ್ಣು ಕಿರಿದು ಮಾಡುತ್ತದೆ, ಮುಖ ಕಪ್ಪಾಗುತ್ತದೆ, ಅದನ್ನು ಸರಿಪಡಿಸಲು ಮುಂದಿನ ದೀಪ ಏರಿಸುತ್ತೀರಿ. ಆ ಬಿಸಿ ತಾಕುವುದು ಗಾಯಕರಿಗೆ ಮತ್ತು ತಬಲಾದ ಚರ್ಮಕ್ಕೆ.

ಕಪ್ಪು ಎರಡು, ಡೊಂಬಿವಿಲಿ

ಹಾಡು ಕಲಿಸುವವರ ಕಡೆಯಿಂದ ಎರಡು ಮಾತು. ಮೊದಲನೆಯದು ಉಸಿರು. ನಿಂತು ಹಾಡುವಾಗ ಒಂದೇ ಉಸಿರಿಗೆ ಮುಗಿಯುವ ಸಾಲು ನಡೆಯುತ್ತ ಹಾಡಿದರೆ ಎರಡಾಗಿ ಒಡೆಯುತ್ತದೆ. ಒಡೆದರೂ ಅಡ್ಡಿಯಿಲ್ಲ, ಆದರೆ ಎಲ್ಲಿ ಒಡೆಯಬೇಕು ಎಂಬುದು ಪದ್ಯದ ಅರ್ಥ ನೋಡಿ ಮೊದಲೇ ನಿರ್ಧಾರವಾಗಿರಬೇಕು. ಹಾಗೆ ಮಾಡದಿದ್ದರೆ ಗಾಯಕಿ ಉಸಿರು ಸಿಕ್ಕಲ್ಲಿ ಕಡಿಯುತ್ತಾಳೆ, ವಿಭಕ್ತಿ ಪ್ರತ್ಯಯ ಮುಂದಿನ ಸಾಲಿಗೆ ಬೀಳುತ್ತದೆ. ಸಂಯೋಜನೆ ಸಿದ್ಧವಾದ ದಿನವೇ ಪೆನ್ಸಿಲಿನಲ್ಲಿ ಉಸಿರಿನ ಗುರುತು ಹಾಕಿ, ಆ ಪ್ರತಿಯನ್ನು ನೃತ್ಯ ಸಂಯೋಜಕರಿಗೆ ಕೊಡಿ. ದೀರ್ಘ ಸ್ವರದ ಮೇಲೆ ಹೆಜ್ಜೆ ಬೇಡ, ತಿರುಗುವಿಕೆಯಂತೂ ಬೇಡವೇ ಬೇಡ. ಸೊಂಟಕ್ಕೆ ಬೆಲ್ಟು ಬಿಗಿದು ಮೇಲಕ್ಕೆತ್ತುವ ಪದ್ಧತಿಯಿದೆಯಲ್ಲ, ಅದು ಒತ್ತುವುದು ವಪೆ (ಉಸಿರಾಟದ ಸ್ನಾಯು) ಅಗಲವಾಗುವ ಜಾಗವನ್ನೇ. ಯೂರೋವಿಷನ್‌ಗೆ ಬರುವವರು ಆ ಬೆಲ್ಟಿನಲ್ಲೇ ಅಭ್ಯಾಸ ಮಾಡಿ ಬಂದಿರುತ್ತಾರೆ. ನಮ್ಮ ಮಕ್ಕಳಿಗೆ ಸಂಜೆ ಐದಕ್ಕೆ ಬೆಲ್ಟು ತೋರಿಸಿ ಏಳಕ್ಕೆ ಹಾಡು ಎನ್ನುತ್ತಾರೆ. ಇದು ಅನ್ಯಾಯ.

ಎರಡನೆಯದು ಶ್ರುತಿ. ಕುಳಿತು ಕಪ್ಪು 4ರಲ್ಲಿ (ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆಯ ಶ್ರುತಿ) ಆರಾಮವಾಗಿ ಹಾಡುವ ಹುಡುಗಿಗೆ ಚಲನೆ ಸೇರಿಸಿದಾಗ ಅರ್ಧ ಸ್ವರ ಇಳಿಸಿ ಬಿಳಿ 5ಕ್ಕೆ ಬರುವುದು ಒಳ್ಳೆಯದು. ಟ್ರ್ಯಾಕು ಮೊದಲೇ ರೆಕಾರ್ಡಾಗಿದ್ದರೆ ಇದು ಕಷ್ಟ. ಯಂತ್ರದಲ್ಲಿ ಇಳಿಸಿದರೆ ತಬಲಾದ ನಾದ ಡಬ್ಬದ ಸದ್ದಾಗಬಹುದು. ಹಾಗಾಗಿ ಬದಲಾವಣೆಯಿಲ್ಲದೆ ಹಾಡಿಸುತ್ತಾರೆ, ಮೇಲಿನ ಷಡ್ಜ ಎಟುಕುವುದಿಲ್ಲ.

ಕತ್ತರಿಸುವ ವಿಷಯವನ್ನೂ ಹೇಳಬೇಕು. ಐದು ನಿಮಿಷದ ಗೀತೆಯನ್ನು ಎರಡೂವರೆ ನಿಮಿಷಕ್ಕೆ ತರಲು ಎಲ್ಲರೂ ಕೊನೆಯ ಚರಣ ತೆಗೆಯುತ್ತಾರೆ. ಕನ್ನಡ ಭಾವಗೀತೆಗಳಲ್ಲಿ ಕವಿ ಮಾತು ತಿರುಗಿಸುವುದು ಬಹಳ ಸಲ ಅಲ್ಲಿಯೇ. ಅದರ ಬದಲು ವಾದ್ಯಭಾಗ ಕತ್ತರಿಸಿ, ಎರಡು ಕಡೆ 20, 25 ಸೆಕೆಂಡು ಸಿಗುತ್ತದೆ. ಪಲ್ಲವಿಯ ಪುನರಾವರ್ತನೆ ಒಂದಕ್ಕೆ ಇಳಿಸಿ. ಇನ್ನೂ ಸಾಲದಿದ್ದರೆ ನಡುವಿನ ಚರಣ ಬಿಡಿ, ಕೊನೆಯದು ಉಳಿಸಿ. ವಾದ್ಯಭಾಗ ತೆಗೆಯಲು ರಂಗದವರು ಒಪ್ಪುವುದಿಲ್ಲ, ನರ್ತಕರು ಬರುವುದು ಆಗಲೇ ಎನ್ನುತ್ತಾರೆ. ಪಟ್ಟು ಹಿಡಿಯಬೇಕಾದ ಜಾಗ ಅದು.

ಯಕ್ಷಪ್ರಿಯ, ಠಾಣೆ

ಇದಕ್ಕೆ ನಮ್ಮಲ್ಲೇ ಒಂದು ಉತ್ತರ ಇದೆ. ಯಕ್ಷಗಾನದ ಕಿರೀಟ, ಬಣ್ಣ, ಧೀಂಗಿಣ ನೋಡಿ, ಅದಕ್ಕಿಂತ ಅದ್ದೂರಿ ಯಾವ ಟಿವಿ ಸೆಟ್ಟಿದೆ? ಆದರೂ ಭಾಗವತರ ಪದ್ಯಕ್ಕೆ ಚ್ಯುತಿಯಿಲ್ಲ, ಏಕೆಂದರೆ ಕುಣಿಯುವವರು ಹಾಡುವುದಿಲ್ಲ, ಹಾಡುವವರು ಕುಣಿಯುವುದಿಲ್ಲ. ಭಾಗವತರು ಜಾಗಟೆ ಅಥವಾ ತಾಳ ಹಿಡಿದು ಕೂತಿರುತ್ತಾರೆ. ಪದ್ಯದ ಗತಿ ಅವರ ಕೈಯಲ್ಲಿ, ಮದ್ದಳೆ, ಚೆಂಡೆ, ವೇಷಧಾರಿಗಳೆಲ್ಲ ಅವರನ್ನು ಅನುಸರಿಸುತ್ತಾರೆ. ಗುಬ್ಬಿ ವೀರಣ್ಣನವರ ಕಂಪನಿ ಕುರುಕ್ಷೇತ್ರ ನಾಟಕಕ್ಕೆ ಆನೆ, ಕುದುರೆಗಳನ್ನು ರಂಗಕ್ಕೆ ತಂದಿತ್ತು. ಅದೇ ಕಂಪನಿ ನಾಟಕಗಳ ರಂಗಗೀತೆಗಳನ್ನು ಜನ ಮನೆಗೆ ಹೋಗಿಯೂ ಗುನುಗುತ್ತಿದ್ದರು. ಗಾಯಕಿಯನ್ನು ಒಂದು ಬದಿ ನಿಲ್ಲಿಸಿ, ಚಲನೆಯನ್ನೆಲ್ಲ ನರ್ತಕರಿಗೆ ಬಿಟ್ಟುಕೊಟ್ಟರೆ ಅರ್ಧ ತೊಂದರೆ ತೀರುತ್ತದೆ.

ಬೆಳಕಿನ ಪಟ್ಟಿ, ಕೋಥ್ರೂಡ್

ಯಕ್ಷಪ್ರಿಯರೇ, ಒಪ್ಪಿದೆ, ಒಂದು ತೊಡಕು ಬಿಟ್ಟು. ಸ್ಪರ್ಧೆಯಲ್ಲಿ ಅಂಕ ಬೀಳುವುದು ಹಾಡುವವರಿಗೆ, ಅವರನ್ನು ಬದಿಗಿಟ್ಟರೆ ಕ್ಯಾಮೆರಾ ನರ್ತಕರ ಹಿಂದೆ ಹೋಗುತ್ತದೆ. ಯೂರೋವಿಷನ್‌ನಲ್ಲಿ ಈ ಹಗ್ಗಜಗ್ಗಾಟ ನಿಯಮದಲ್ಲೇ ಕಾಣುತ್ತದೆ. 1998ರವರೆಗೆ ವಾದ್ಯವೃಂದ ಇತ್ತು, 1999ರಿಂದ ಅದು ಹೋಗಿ ಟ್ರ್ಯಾಕು ಮಾತ್ರ ಉಳಿಯಿತು. ಸಹಗಾಯನವೂ ನೇರವಾಗಿಯೇ ಇರಬೇಕಿದ್ದ ಕಾಲದಲ್ಲಿ ಆರು ಜನರಲ್ಲಿ ಹಾಡುವವರೆಷ್ಟು, ಕುಣಿಯುವವರೆಷ್ಟು ಎಂದು ಪ್ರತಿ ದೇಶವೂ ಲೆಕ್ಕ ಹಾಕಬೇಕಿತ್ತು. 2021ರಿಂದ ಸಹಗಾಯನವನ್ನು ಮೊದಲೇ ರೆಕಾರ್ಡ್ ಮಾಡಿ ತರಲು ಬಿಟ್ಟರು, ಮುಖ್ಯ ದನಿ ಮಾತ್ರ ಈಗಲೂ ನೇರವೇ ಆಗಿರಬೇಕು. ಆಮೇಲೆ ರಂಗದ ಮೇಲಿನ ಐದು ಜಾಗವೂ ನರ್ತಕರಿಗೇ ಕೊಡಬಹುದಾಯಿತು. ನನ್ನ ಮಟ್ಟಿಗೆ ಹಾಡಿಗೆ ಪೆಟ್ಟು ಬಿದ್ದದ್ದು ಬೆಂಕಿ, ಹೊಗೆಗಿಂತ ಹೆಚ್ಚಾಗಿ ಈ ಬದಲಾವಣೆಯಿಂದ.

ಸವಾಯಿ ಗಂಧರ್ವ ಉತ್ಸವದ ಸರಳ ವೇದಿಕೆಯನ್ನು ಇನ್ನು ಯಾರಾದರೂ ಉದಾಹರಣೆಗೆ ತರುವ ಮೊದಲೇ ಹೇಳಿಬಿಡುತ್ತೇನೆ. ಗದಗದ ಕಡೆಯ ಭೀಮಸೇನ ಜೋಶಿಯವರು 1953ರಲ್ಲಿ ಗುರುಗಳ ನೆನಪಿಗೆ ಶುರುಮಾಡಿದ ಆ ಉತ್ಸವದ ಮೇಲೆ ಪುಣೆಯಲ್ಲಿರುವ ನಮಗೆಲ್ಲ ಅಪಾರ ಅಭಿಮಾನ. ಆದರೆ ಅಲ್ಲಿ ಒಬ್ಬರಿಗೆ ಒಂದು ತಾಸು ಸಿಗುತ್ತದೆ. ಮೂರು ನಿಮಿಷದಲ್ಲಿ ಗುರುತು ಹಿಡಿಸಬೇಕಾದವರಿಗೆ ಆ ಅಳತೆಗೋಲು ಹೊಂದುವುದಿಲ್ಲ.

ವಾಸ್ಕೋ ತಂಬೂರಿ

ಕರಾವಳಿಯಲ್ಲಿ ಇದೇ ಸಾಮಾನು ಬೇರೆ ಥರ ಕೈಕೊಡುತ್ತದೆ, ಅದನ್ನು ಬರೆಯುತ್ತೇನೆ.

ತಣ್ಣನೆಯ ಕಿಡಿ ಎನ್ನುವ ಯಂತ್ರದಲ್ಲಿ ಲೋಹದ ಸಣ್ಣ ಹರಳು ಕಾಯಿಸಿ ಊದುತ್ತಾರೆ. ಗೋವಾದ ತೇವಕ್ಕೆ ಪೊಟ್ಟಣ ಒಡೆದಿಟ್ಟರೆ ಹರಳು ಗಂಟು ಕಟ್ಟುತ್ತದೆ. ಒಂದು ಯಂತ್ರ ಚಿಮ್ಮುತ್ತದೆ, ಪಕ್ಕದ್ದು ಬರೀ ಗಾಳಿ ಊದುತ್ತದೆ, ಆ ಊದುವ ಸದ್ದು ಮೈಕಿಗೆ ಹೋಗುತ್ತದೆ. ಪೊಟ್ಟಣವನ್ನು ಕಾರ್ಯಕ್ರಮಕ್ಕೆ ಸ್ವಲ್ಪವೇ ಮುಂಚೆ ಒಡೆಯಿರಿ, ಉಳಿದದ್ದನ್ನು ಮರುದಿನಕ್ಕೆ ಇಡಬೇಡಿ.

ಅತಿ ಮುಖ್ಯವಾದದ್ದು ನೆಲಹೊಗೆ. ಒಣ ಮಂಜುಗಡ್ಡೆಯನ್ನು ಬಿಸಿನೀರಿಗೆ ಹಾಕಿ ಮಾಡುವ ಮೋಡ ನೋಡಲು ಚೆಂದ. ಅದು ಇಂಗಾಲದ ಡೈಆಕ್ಸೈಡ್, ಗಾಳಿಗಿಂತ ಭಾರ, ನೆಲದಲ್ಲೇ ನಿಲ್ಲುತ್ತದೆ. ಒಂದು ಕಿಲೋ ಗಡ್ಡೆಯಿಂದ ಸುಮಾರು ಅರ್ಧ ಘನ ಮೀಟರ್ ಅನಿಲ ಏಳುತ್ತದೆ, 10 ಕಿಲೋ ಸುರಿದರೆ 5 ಘನ ಮೀಟರ್. ಪಾಶ್ಚಾತ್ಯ ತಂಡಗಳಲ್ಲಿ ಸಾಮಾನ್ಯವಾಗಿ ಯಾರೂ ನೆಲದಲ್ಲಿ ಕೂರುವುದಿಲ್ಲ. ನಮ್ಮಲ್ಲಿ ತಬಲಾ, ಹಾರ್ಮೋನಿಯಂ, ತಂಬೂರಿಯವರು ನೆಲದಲ್ಲಿ ಕೂತಿರುತ್ತಾರೆ, ಅವರ ಮೂಗು ಇರುವ ಎತ್ತರಕ್ಕೇ ಆ ಮೋಡ ಬರುತ್ತದೆ. ತಲೆ ಭಾರ, ಏದುಸಿರು, ಕೈ ತಡವರಿಸುವುದು ಎಲ್ಲ ಅದರಿಂದಲೇ. ಪಕ್ಕವಾದ್ಯ ನೆಲದಲ್ಲಿದ್ದರೆ ನೆಲಹೊಗೆ ಬೇಡ ಎಂದು ಕಡ್ಡಾಯವಾಗಿ ಬರೆದುಕೊಳ್ಳಿ. ಇಲ್ಲವೇ ಅವರಿಗೆ ಎರಡೂವರೆ, ಮೂರು ಅಡಿ ಎತ್ತರದ ಜಗಲಿ ಹಾಕಿ, ಮೋಡ ಜನ ಕೂರದ ಕಡೆಗೆ ಇಳಿದುಹೋಗಲು ದಾರಿ ಬಿಡಿ. ಗ್ಲೈಕಾಲ್‌ನ ತೆಳು ಮಂಜು ಅಷ್ಟು ಅಪಾಯಕಾರಿಯಲ್ಲ, ಆದರೆ ಗಂಟಲು ಒಣಗಿಸುತ್ತದೆ. ಅರ್ಧ ಗಂಟೆ ಮೊದಲೇ ಬಿಟ್ಟು ನಿಲ್ಲಿಸಿ, ಹಾಡುವಾಗ ಊದಬೇಡಿ.

ತಬಲಾ ವಿಷಯ: ತೇವದಲ್ಲಿ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ, ದೀಪದಡಿ ಬಿಗಿಯಾಗಿ ಏರುತ್ತದೆ. ಟ್ರ್ಯಾಕು ಒಂದಿನಿತೂ ಅಲುಗುವುದಿಲ್ಲ. ಹಾಗಾಗಿ ಟ್ರ್ಯಾಕಿನ ಜೊತೆ ನೇರ ತಬಲಾ ಇಟ್ಟರೆ ಪ್ರತಿ ಹಾಡಿನ ನಡುವೆ ಶ್ರುತಿ ಕೂಡಿಸಲು ಒಂದು ನಿಮಿಷ ಕೊಡಲೇಬೇಕು. ನಿರೂಪಕರ ಮಾತನ್ನು ಅಲ್ಲಿಗೆ ಇಡಿ.

ಸೊಬ್ರಾಲ್ ಗೆದ್ದ ಮೇಲೆ ಸಂಗೀತ ಸಿಡಿಮದ್ದಲ್ಲ, ಭಾವನೆ ಎಂಬರ್ಥದ ಮಾತು ಹೇಳಿದ್ದರು. ಪೋರ್ಚುಗಲ್ 1964ರಿಂದ ಸ್ಪರ್ಧಿಸುತ್ತ ಬಂದು ಆಗಲೇ ಮೊದಲ ಸಲ ಗೆದ್ದದ್ದು. ಆದರೆ ಆ ಸರಳತೆಯನ್ನೂ ಲೆಕ್ಕ ಹಾಕಿಯೇ ಇಟ್ಟಿದ್ದರು ಎಂಬುದನ್ನು ಮರೆಯಬಾರದು. ದೊಡ್ಡ ವೇದಿಕೆ ಬಿಟ್ಟು ಜನರ ನಡುವೆ ನಿಲ್ಲಿಸಿದ್ದೂ ರಂಗಸಜ್ಜಿಕೆಯೇ.

ಸಂಕಲನ ಮೇಜು, ಗೋರೆಗಾಂವ್

ಹಿಂದಿ ವಾಹಿನಿಯಲ್ಲಿ 1995ರಲ್ಲಿ ಸೋನು ನಿಗಮ್ ನಿರೂಪಣೆಯ ಸರಿಗಮ, ಆಮೇಲೆ ಕನ್ನಡದಲ್ಲಿ ಎಸ್‌ಪಿಬಿಯವರ ಎದೆ ತುಂಬಿ ಹಾಡುವೆನು, ಇವನ್ನು ನೋಡಿದವರಿಗೆ ಈಗಿನ ಕಾರ್ಯಕ್ರಮ ಬೇರೆಯೇ ಅನಿಸಲು ದೊಡ್ಡ ಕಾರಣ ಸೆಟ್ಟಿಗಿಂತ ಕತ್ತರಿ. ಎರಡು ಸೆಕೆಂಡಿಗೊಂದು ಕಟ್ ಎಂದರೆ ಮೂರು ನಿಮಿಷಕ್ಕೆ 90 ಕಟ್. ಗಾಯಕಿ ಮೇಲಿನ ಸ್ವರ ಹಿಡಿದಾಗ ತೋರಿಸುವುದು ತೀರ್ಪುಗಾರರ ಬೆರಗಿನ ಮುಖ. ಆ ಸ್ವರ ಹೇಗೆ ಬಂತೆಂದು ನೋಡುಗ ಕಾಣುವುದೇ ಇಲ್ಲ. ಸ್ವರ ಆರುವ ಮುನ್ನ ಅದರ ಮೇಲೆ ಚಪ್ಪಾಳೆ ಹಾಸುತ್ತಾರೆ, ಶ್ರುತಿಯಲ್ಲಿ ನಿಂತಿತೋ ಜಾರಿತೋ ತಿಳಿಯುವ ಆ ಕೊನೆಯ ಅರ್ಧ ಸೆಕೆಂಡು ಹೋಯಿತು. ರೆಕಾರ್ಡ್ ಮಾಡಿ ಪ್ರಸಾರವಾಗುವ ಕಾರ್ಯಕ್ರಮದಲ್ಲಿ ಶ್ರುತಿಯನ್ನು ಆಮೇಲೆ ತಿದ್ದುವುದಕ್ಕೂ ಅವಕಾಶವಿದೆ. ತಿದ್ದುವಾಗ ಗಮಕ ಸಪಾಟಾಗುತ್ತದೆ, ಕರ್ನಾಟಕ ಸಂಗೀತ ಕಲಿತ ಮಕ್ಕಳಿಗೆ ಇದರಿಂದ ಹೆಚ್ಚು ನಷ್ಟ.

ಸಂಘದ ಕಾರ್ಯಕ್ರಮವನ್ನು ಯೂಟ್ಯೂಬಿಗೆ ಹಾಕುವವರಿಗೆ ನನ್ನ ಸಲಹೆ: ಮೂರು ಕ್ಯಾಮೆರಾ ಸಾಕು. ಕಟ್ ಸಾಲಿನ ಕೊನೆಯಲ್ಲಿ ಇರಲಿ, ಪದದ ನಡುವೆ ಬೇಡ. ಆಲಾಪ ನಡೆಯುವಾಗ ಕ್ಯಾಮೆರಾ ಕದಲದಿರಲಿ. ಚಪ್ಪಾಳೆಯನ್ನು ಅದು ಬಂದ ಕ್ಷಣದಲ್ಲೇ ಬಿಡಿ.

ಮಾಟುಂಗಾ ಕೇಳುಗ

ಇಷ್ಟು ವಿವರ ಸಿಕ್ಕಿದ್ದು ದೊಡ್ಡದು. ಉಳಿದದ್ದು ತೀರ್ಪು. ಯೂರೋವಿಷನ್‌ನಲ್ಲಿ 2016ರಲ್ಲಿ ತೀರ್ಪುಗಾರರ ಮೊದಲ ಆಯ್ಕೆ ಆಸ್ಟ್ರೇಲಿಯಾ, ವೀಕ್ಷಕರದು ರಂಗಪ್ರದರ್ಶನಕ್ಕೆ ಹೆಸರಾದ ರಷ್ಯಾ, ಒಟ್ಟು ಅಂಕದಲ್ಲಿ ಗೆದ್ದದ್ದು ಉಕ್ರೇನಿನ ಜಮಾಲಾ. 2023ರಲ್ಲಿ ವೀಕ್ಷಕರು ಫಿನ್ಲೆಂಡಿಗೆ 376 ಕೊಟ್ಟರು, ಲೊರೀನ್ ಅವರಿಗೆ 243. ತೀರ್ಪುಗಾರರ 340 ಸೇರಿ ಲೊರೀನ್ 583ರೊಂದಿಗೆ ಗೆದ್ದರು. ತೀರ್ಪುಗಾರರು, ವೀಕ್ಷಕರು ಅಳೆಯುವುದು ಬೇರೆ ಬೇರೆ ಎಂಬುದು ಸ್ಪಷ್ಟ. ನಮ್ಮ ಸಣ್ಣ ಸ್ಪರ್ಧೆಯಲ್ಲಿ ಇದನ್ನು ಹೇಗೆ ಹಂಚುವುದು?

ಕಪ್ಪು ಎರಡು, ಡೊಂಬಿವಿಲಿ

ನೂರರಲ್ಲಿ ಶ್ರುತಿ ಮತ್ತು ಲಯಕ್ಕೆ 35, ಉಚ್ಚಾರ ಮತ್ತು ಸಾಹಿತ್ಯದ ತಿಳಿವಿಗೆ 25, ಭಾವಕ್ಕೆ 25, ರಂಗಕ್ಕೆ 15. ರಂಗದ ಅಂಕ ಬೇರೆಯೇ ತೀರ್ಪುಗಾರರು ಕೊಡಲಿ. ಹಾಡಿನ ಅಂಕ ಕೊಡುವವರು ಮಧ್ಯಾಹ್ನದ ತಾಲೀಮಿನಲ್ಲಿ ದೀಪ, ಗೋಡೆ ಯಾವುದೂ ಇಲ್ಲದೆ, ರಂಗಕ್ಕೆ ಬೆನ್ನು ಮಾಡಿ ಕೇಳಿ ಮುಗಿಸಲಿ. ಯೂರೋವಿಷನ್‌ನಲ್ಲೂ ತೀರ್ಪುಗಾರರು ಅಂಕ ಕೊಡುವುದು ಹಿಂದಿನ ಸಂಜೆಯ ತಾಲೀಮು ನೋಡಿ. ಇಂಥ ಏರ್ಪಾಡು ಹೊಸದೇನಲ್ಲ.

ಧ್ವನಿಮೇಜು, ಅಂಧೇರಿ

ಬೆನ್ನು ಮಾಡಿ ಕೂತರೂ ಸಭಾಂಗಣದ ಸ್ಪೀಕರಿನ ರಿವರ್ಬ್ (ದನಿಗೆ ಸೇರುವ ಅನುರಣನ) ಕೇಳುತ್ತದೆ, ಅದು ಶ್ರುತಿಯ ತಪ್ಪು ಮುಚ್ಚುತ್ತದೆ. ತಾಲೀಮಿನಲ್ಲಿ ಪ್ರತಿ ಗಾಯಕರ ಮೈಕನ್ನು ಮೇಜಿನಿಂದ ಬೇರೆ ಟ್ರ್ಯಾಕಿನಲ್ಲಿ ರೆಕಾರ್ಡ್ ಮಾಡಿ: 48 ಕಿಲೋಹರ್ಟ್ಸ್, 24 ಬಿಟ್, ರಿವರ್ಬ್ ಇಲ್ಲ, ಶ್ರುತಿ ತಿದ್ದುವ ಸಾಧನ ಇಲ್ಲ, ದನಿಯ ಏರಿಳಿತ ಸಮ ಮಾಡುವ ಕಂಪ್ರೆಸರ್ ಕೂಡ ಇಲ್ಲ. ಎಲ್ಲರಿಗೂ ಒಂದೇ ಮಾದರಿಯ ಕೈಮೈಕು. ಅತಿ ಜೋರಿನ ಜಾಗ ಮೈನಸ್ 10 ಡೆಸಿಬೆಲ್ ದಾಟದಂತೆ ಮಟ್ಟ ಇಟ್ಟುಕೊಳ್ಳಿ. ಜೊತೆಗೆ ತಂಬೂರಿಯ ಶ್ರುತಿಯನ್ನು ಇನ್ನೊಂದು ಟ್ರ್ಯಾಕಿನಲ್ಲಿಡಿ, ತೀರ್ಪುಗಾರರು ಹೆಡ್‌ಫೋನಿನಲ್ಲಿ ದನಿ ಮತ್ತು ತಂಬೂರಿ ಎರಡನ್ನೇ ಕೇಳಲಿ. ಕಡತಕ್ಕೆ ಹೆಸರು ಬೇಡ, ಬರೀ ಸಂಖ್ಯೆ ಕೊಡಿ. ಹದಿನೈದು ಸ್ಪರ್ಧಿಗಳಿದ್ದರೆ ತಲಾ ಮೂರು ನಿಮಿಷದಂತೆ 45 ನಿಮಿಷ, ನಡುವಿನ ಬಿಡುವು ಸೇರಿಸಿ ಒಂದೂಕಾಲು ಗಂಟೆ. ಎರಡು ಗಂಟೆಗೆ ಶುರು ಮಾಡಿದರೆ ಗೋಡೆ ಹೊತ್ತಿಸುವ ಹೊತ್ತಿಗೆ ಹಾಡಿನ ಅಂಕಪಟ್ಟಿ ಲಕೋಟೆಗೆ ಹೋಗಿರುತ್ತದೆ.